ಕಲ್ಲಿನ ಮುಂದೆ ನಿಂತಾಗ ಏನು ನೋಡಬೇಕು: ಭಾರತದ ಭೂವಿಸ್ಮಯಗಳಿಗೆ ಹೊರಡುವವರಿಗೆ ಕೈಪಿಡಿ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ಕಲ್ಲುಕಂಬದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಕಾಲಡಿಯ ಕಂಬಕ್ಕೆ ಎಷ್ಟು ಮುಖಗಳಿದ್ದವು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಲೋನಾರ್ ಕುಳಿ, ಆಂಧ್ರದ ಬೇಲಂ ಗುಹೆ, ಭೇಡಾಘಾಟ್‌ನ ಅಮೃತಶಿಲೆ ಎಲ್ಲ ಕಡೆಯೂ ಇದೇ ಕಥೆ. ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಕಲ್ಲನ್ನು ಮಾತ್ರ ನೋಡದೆ ಬರುವುದು ನಿಜಕ್ಕೂ ನಷ್ಟ. ಅದಕ್ಕೆ ಪರಿಹಾರ ಸುಲಭವಾಗಿದೆ. ಪ್ರತಿ ಜಾಗಕ್ಕೂ ಒಂದೇ ಒಂದು ಪ್ರಶ್ನೆಯನ್ನು ಮೊದಲೇ ಇಟ್ಟುಕೊಂಡು ಹೋಗಿ, ಉತ್ತರವನ್ನು ಕಲ್ಲಿನಲ್ಲೇ ಹುಡುಕಿ. ಆ ಪ್ರಶ್ನೆಗಳೇನು, ಉತ್ತರ ಹುಡುಕುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಹೇಳಿದೆ.

ಹೊರಡುವ ಮುನ್ನ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ (1851ರಲ್ಲಿ ಶುರುವಾದ ಸಂಸ್ಥೆ) ದೇಶದ ಆಯ್ದ ಜಾಗಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕು: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಸೇಂಟ್ ಮೇರೀಸ್ ದ್ವೀಪದ ಕಂಬಗಳು, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿ. ಮೊದಲು ಇವುಗಳಿಂದ ಶುರುಮಾಡಿ. ಕಣ್ಣು ಪಳಗಿದ ಮೇಲೆ ಹೊರರಾಜ್ಯಕ್ಕೆ ಹೋದರೆ ಕಾಣುವುದೇ ಬೇರೆ.

ಹೋಗುವ ಜಾಗದ ಭೂವೈಜ್ಞಾನಿಕ ನಕ್ಷೆಯನ್ನು ಮನೆಯಲ್ಲೇ ನೋಡಿಕೊಳ್ಳಿ. ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ದೇಶದ ಶಿಲಾ ನಕ್ಷೆಗಳು ಸಿಗುತ್ತವೆ. ನಕ್ಷೆಯ ಬಣ್ಣಗಳು ಶಿಲೆಯ ಬಗೆಯನ್ನು ಹೇಳುತ್ತವೆ. ನೀವು ನೋಡಬೇಕಾದ ಜಾಗ ಯಾವ ಬಣ್ಣದಲ್ಲಿದೆ, ಪಕ್ಕದ ಬಣ್ಣ ಎಷ್ಟು ದೂರದಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬಣ್ಣ ಬದಲಾಗುವ ಗೆರೆಯ ಹತ್ತಿರವೇ ಸಾಮಾನ್ಯವಾಗಿ ನೋಡಲು ಹೆಚ್ಚು ಸಿಗುತ್ತದೆ.

ಫಲಕಗಳಲ್ಲಿ ವಯಸ್ಸನ್ನು ‘ಮಿಲಿಯನ್ ವರ್ಷ’ದಲ್ಲಿ ಬರೆದಿರುತ್ತಾರೆ. ಅದನ್ನು ಕೋಟಿಗೆ ತರಲು 10ರಿಂದ ಭಾಗಿಸಿದರೆ ಸಾಕು. 3000 ಮಿಲಿಯನ್ ಎಂದರೆ 300 ಕೋಟಿ. ಲೆಕ್ಕ ಚಿಕ್ಕದು, ಆದರೆ ಇಲ್ಲೊಂದು ಸೊನ್ನೆ ತಪ್ಪಿ 30 ಕೋಟಿ ಎಂದು ಬರೆದುಕೊಂಡವರು ಬಹಳ.

ಚೀಲದಲ್ಲಿ ಇರಬೇಕಾದವು: 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ಒಂದು ಉಕ್ಕಿನ ಮೊಳೆ, ಗಿಡಕ್ಕೆ ನೀರು ಚಿಮುಕಿಸುವ ಅರ್ಧ ಲೀಟರಿನ ಸ್ಪ್ರೇ ಬಾಟಲಿ, 10 ರೂಪಾಯಿಯ ನಾಣ್ಯ, ಪೆನ್ಸಿಲು, ಗೆರೆಯಿಲ್ಲದ ಪುಸ್ತಕ, ತಲೆಗೆ ಕಟ್ಟುವ ಟಾರ್ಚು, ಒಬ್ಬರಿಗೆ ಕನಿಷ್ಠ 2 ಲೀಟರ್ ಕುಡಿಯುವ ನೀರು. ನಾಣ್ಯ ಯಾಕೆಂದರೆ ಅದರ ಅಡ್ಡಳತೆ 27 ಮಿ.ಮೀ.; ಅದನ್ನು ಬಂಡೆಯ ಮೇಲಿಟ್ಟು ಫೋಟೊ ತೆಗೆದರೆ ಮನೆಗೆ ಬಂದ ಮೇಲೂ ಅಳತೆ ಗೊತ್ತಾಗುತ್ತದೆ. ಅಳತೆಗೆ ಏನೂ ಇಡದೆ ತೆಗೆದ ಚಿತ್ರದಲ್ಲಿ ಬೆರಳಗಲದ ಮಡಿಕೆ ಯಾವುದು, ಬೆಟ್ಟದಗಲದ ಮಡಿಕೆ ಯಾವುದು ಎಂದು ಆಮೇಲೆ ನಿಮಗೇ ತಿಳಿಯುವುದಿಲ್ಲ.

ಸುತ್ತಿಗೆ ಬೇಡ. ಸ್ಮಾರಕವೆಂದು ಗುರುತಿಸಿದ ಜಾಗದಲ್ಲಿ ಒಂದು ಚಕ್ಕೆಯನ್ನೂ ಒಡೆಯಬಾರದು, ಎತ್ತಿಕೊಂಡು ಬರಬಾರದು. ಸುಣ್ಣದ ಕಲ್ಲನ್ನು ಪರೀಕ್ಷಿಸಲು ಹೈಡ್ರೋಕ್ಲೋರಿಕ್ ಆಮ್ಲ ಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಪ್ರವಾಸಿಗೆ ಅದೂ ಬೇಡ. ರೈಲಿನಲ್ಲಿ, ವಿಮಾನದಲ್ಲಿ ಆಮ್ಲ ಒಯ್ಯುವಂತಿಲ್ಲ, ಬಂಡೆಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ನಿಂಬೆಹಣ್ಣು ಸಾಕು, ಅದೂ ದಾರಿಬದಿಯ ಬಿಡಿಗಲ್ಲಿನ ಮೇಲೆ ಮಾತ್ರ.

ಲೆನ್ಸ್ ಹಿಡಿಯುವುದರಲ್ಲೇ ಹತ್ತರಲ್ಲಿ ಒಂಬತ್ತು ಮಂದಿ ತಪ್ಪುತ್ತಾರೆ. ಪತ್ತೇದಾರಿ ಸಿನಿಮಾದಲ್ಲಿ ಹಿಡಿದ ಹಾಗೆ ಕೈ ಚಾಚಿ ಹಿಡಿದರೆ ಮಸುಕು ಬಿಟ್ಟು ಬೇರೇನೂ ಕಾಣದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತನ್ನಿ, ಕನ್ನಡಕವಿದ್ದರೆ ಅದಕ್ಕೆ ತಾಗಿಸಿ. ಆಮೇಲೆ ಮುಖವನ್ನೇ ಬಂಡೆಯತ್ತ ಬಾಗಿಸುತ್ತ ಹೋಗಿ. ಬಂಡೆ ಸುಮಾರು 2.5 ಸೆಂ.ಮೀ. ದೂರಕ್ಕೆ ಬಂದಾಗ ಕಣಗಳು ಥಟ್ಟನೆ ಸ್ಪಷ್ಟವಾಗುತ್ತವೆ. ನಿಮ್ಮ ತಲೆಯ ನೆರಳು ಬಂಡೆಯ ಮೇಲೆ ಬೀಳದ ಹಾಗೆ ಬಿಸಿಲಿಗೆ ಓರೆಯಾಗಿ ನಿಲ್ಲಿ.

ಮೊದಲ ಪಾಠಕ್ಕೆ ಲಾಲ್‌ಬಾಗ್

ಲಾಲ್‌ಬಾಗ್‌ನ ಹಾಸುಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ. ಅದರ ಕೆಳಗಿರುವುದು ಪೆನಿನ್ಸುಲಾರ್ ನೈಸ್ ಎಂಬ ಪಟ್ಟಿಪಟ್ಟಿಯಾದ ಕಲ್ಲು, ಸುಮಾರು 300 ಕೋಟಿ ವರ್ಷದ ಶಿಲೆ. ದಕ್ಷಿಣ ಭಾರತದ ಬಹುಭಾಗದ ತಳಪಾಯವೇ ಈ ಬಗೆಯ ಕಲ್ಲು. ಈ ಹೆಸರನ್ನು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್.

ಇಲ್ಲಿಗೆ ಒಯ್ಯಬೇಕಾದ ಪ್ರಶ್ನೆ: ಯಾವುದು ಮೊದಲು ಬಂತು, ಯಾವುದು ಆಮೇಲೆ?

ಮೊದಲು ಇಪ್ಪತ್ತು ಹೆಜ್ಜೆ ದೂರ ನಿಂತು ಬಂಡೆಯ ಒಟ್ಟು ಆಕಾರ ನೋಡಿ. ಮೈ ದುಂಡಗಿದೆ, ಈರುಳ್ಳಿ ಸಿಪ್ಪೆಯ ಹಾಗೆ ಚಪ್ಪಡಿಗಳು ಎದ್ದಿವೆ. ಮೇಲಿದ್ದ ಭಾರ ಸವೆದುಹೋದಾಗ ಒಳಗಿನ ಬಂಡೆ ಹಿಗ್ಗಿ ಹೀಗೆ ಪದರ ಬಿಡುತ್ತದೆ. ಆಮೇಲೆ ಹತ್ತಿರ ಹೋಗಿ ಮಂಡಿಯೂರಿ. ಬಿಳಿ ಮತ್ತು ಕಪ್ಪು ಪಟ್ಟಿಗಳು ಕಾಣುತ್ತವೆ. ಬಿಳಿಯಲ್ಲಿರುವುದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜ, ಕಪ್ಪಿನಲ್ಲಿ ಮುಖ್ಯವಾಗಿ ಕರಿ ಅಭ್ರಕ. ಕಲ್ಲು ಒಣಗಿದ್ದರೆ ಪಟ್ಟಿ ಮಂಕಾಗಿರುತ್ತದೆ. ಸ್ಪ್ರೇ ಬಾಟಲಿಯಿಂದ ಒಂದು ಅಡಿ ಜಾಗಕ್ಕೆ ನೀರು ಚಿಮುಕಿಸಿ ನೋಡಿ, ತೊಳೆದ ಕನ್ನಡಿಯ ಹಾಗೆ ಎಲ್ಲವೂ ಎದ್ದು ಕಾಣುತ್ತದೆ. ಈ ಒಂದು ಉಪಾಯಕ್ಕಾದರೂ ಆ ಬಾಟಲಿಯನ್ನು ಮರೆಯಬೇಡಿ.

ಪಟ್ಟಿಗಳನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದರೆ ಅವು ಬಾಗಿ, ಮಡಚಿ, ಹಿಂತಿರುಗುವುದು ಸಿಗುತ್ತದೆ. ಇನ್ನೊಂದು ಕಡೆ ದಪ್ಪ ಕಣಗಳ ಬಿಳಿ ಗೆರೆಯೊಂದು ಪಟ್ಟಿಗಳನ್ನು ಅಡ್ಡಲಾಗಿ ಕತ್ತರಿಸಿರುತ್ತದೆ. ಕತ್ತರಿಸಿದ್ದು ಯಾವತ್ತೂ ಕತ್ತರಿಸಿಕೊಂಡದ್ದಕ್ಕಿಂತ ಕಿರಿಯದು. ಹಾಗಾದರೆ ಪಟ್ಟಿ ಮೊದಲು, ಮಡಿಕೆ ಆಮೇಲೆ, ಬಿಳಿ ಗೆರೆ ಕೊನೆಗೆ. ಬಿಳಿ ಗೆರೆಯೂ ಮಡಚಿಕೊಂಡಿದ್ದರೆ? ಆಗ ಮಡಿಕೆಗೂ ಮುಂಚೆ ಬಂದದ್ದು. ಎರಡು ಬಗೆಯವೂ ಸಿಗುತ್ತವೆಯೇ ನೋಡಿ, ಪುಸ್ತಕದಲ್ಲಿ ಚಿತ್ರ ಬರೆದು 1, 2, 3 ಎಂದು ಅಂಕಿ ಹಾಕಿ. ಫೋಟೊಕ್ಕಿಂತ ಚಿತ್ರ ಒಳ್ಳೆಯದು, ಯಾಕೆಂದರೆ ಬರೆಯುವಾಗ ಪ್ರತಿ ಗೆರೆಯನ್ನೂ ನೋಡಲೇಬೇಕು.

ಬೆಳಿಗ್ಗೆ ಏಳರಿಂದ ಒಂಬತ್ತರ ನಡುವಿನ ಓರೆಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ನಡುಮಧ್ಯಾಹ್ನ ನೆರಳೇ ಇರುವುದಿಲ್ಲ, ಬಂಡೆ ಬೋಳಾಗಿ ಕಾಣುತ್ತದೆ. ಮಳೆ ನಿಂತ ಮರುಬೆಳಗ್ಗೆ ಬಣ್ಣ ಚೆನ್ನಾಗಿರುತ್ತದೆ, ಆದರೆ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕಾಲು ನಿಲ್ಲದು.

ಸೇಂಟ್ ಮೇರೀಸ್: ಕಂಬ ಯಾವ ದಿಕ್ಕಿಗೆ ತಣಿಯಿತು?

ದ್ವೀಪದ ಕಂಬಗಳನ್ನು ಯಾರೂ ಕಡೆದದ್ದಲ್ಲ. ದಪ್ಪನೆಯ ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಕೆರೆಯ ಕೆಸರು ಒಣಗಿ ಬಿರಿಯುವುದೂ ಇದೇ ರೀತಿ. ಬಿರುಕುಗಳು ಒಂದನ್ನೊಂದು ಸುಮಾರು 120 ಡಿಗ್ರಿ ಕೋನದಲ್ಲಿ ಸೇರಿದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲವಾಗುತ್ತದೆ, ಹಾಗಾಗಿ ಆರು ಮುಖದ ಆಕಾರದತ್ತ ಒಲವು. ತಣಿಯುವಿಕೆ ಒಳಗಿಳಿದಂತೆ ಬಿರುಕೂ ಒಳಗಿಳಿಯುತ್ತದೆ, ಕಂಬವಾಗುತ್ತದೆ. ಕಂಬ ಯಾವಾಗಲೂ ತಣಿದ ಮೇಲ್ಮೈಗೆ ಲಂಬವಾಗಿ ಬೆಳೆಯುತ್ತದೆ. ಆದ್ದರಿಂದ ಓರೆಯಾದ ಕಂಬ ಕಂಡರೆ ಅಲ್ಲಿ ತಣಿದ ಮೇಲ್ಮೈಯೇ ಓರೆಯಾಗಿತ್ತೇ, ಅಥವಾ ಕಂಬ ಆಮೇಲೆ ವಾಲಿತೇ ಎಂದು ಕೇಳಿಕೊಳ್ಳಿ. ಅಕ್ಕಪಕ್ಕದವೆಲ್ಲ ಒಂದೇ ಕಡೆಗೆ ಓರೆಯಾಗಿದ್ದರೆ ಮೊದಲನೆಯದಕ್ಕೆ ಹೆಚ್ಚು ಬಲ. ಒಂಟಿ ಕಂಬ ಮಾತ್ರ ವಾಲಿದ್ದರೆ ಎರಡನೆಯದು.

ಮೂವತ್ತು ಕಂಬಗಳ ತಲೆಯನ್ನು ಎಣಿಸಿ, ಮುಖಗಳ ಲೆಕ್ಕ ಬರೆಯಿರಿ. ಆರು ಮಾತ್ರ ಸಿಗುತ್ತದೆಂದು ನಂಬಿ ಹೋದವರಿಗೆ ಐದು, ಏಳು ಮುಖದವೂ ಸಿಕ್ಕಾಗ ಅಚ್ಚರಿಯಾಗುತ್ತದೆ. ತಣಿಯುವಿಕೆ ಎಲ್ಲ ಕಡೆ ಒಂದೇ ಸಮನಾಗಿರದಿದ್ದರೆ ಲೆಕ್ಕ ಹೀಗೆ ಹರಡುತ್ತದೆ. ಮಕ್ಕಳು ಜೊತೆಗಿದ್ದರೆ ಈ ಎಣಿಕೆಯನ್ನು ಅವರಿಗೇ ಒಪ್ಪಿಸಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಇದನ್ನು ಬಸಾಲ್ಟ್ (ಲಾವಾ ತಣಿದು ಆದ ಕರಿಗಲ್ಲು) ಎಂದೇ ಎಲ್ಲೆಡೆ ಬರೆದಿರುತ್ತಾರೆ. ನಿಜಕ್ಕೆ ಇದು ಸಿಲಿಕಾ (ಬೆಣಚುಕಲ್ಲಿನ ಮೂಲವಸ್ತು) ಹೆಚ್ಚಿರುವ ರಯೋಲೈಟ್–ಡೇಸೈಟ್ ವರ್ಗದ ಶಿಲೆ. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲ. ಅತ್ತ ಮಡಗಾಸ್ಕರಿನಲ್ಲೂ ಇದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಉತ್ತರ ಕರ್ನಾಟಕದಿಂದ ಮಹಾರಾಷ್ಟ್ರದುದ್ದಕ್ಕೂ ಹರಡಿರುವ ದಖನ್ ಬಸಾಲ್ಟಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಅದು ಸುಮಾರು 6.6 ಕೋಟಿ ವರ್ಷದ್ದು.

ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಡಿಸೆಂಬರ್–ಫೆಬ್ರವರಿ ಒಳ್ಳೆಯದು, ದಿನದ ಮೊದಲ ದೋಣಿಗೇ ಹೋಗಿ. ಉಬ್ಬರ–ಇಳಿತದ ಹೊತ್ತನ್ನು ಹಿಂದಿನ ದಿನವೇ ನೋಡಿಕೊಂಡು ಇಳಿತದ ವೇಳೆ ದ್ವೀಪದಲ್ಲಿರುವ ಹಾಗೆ ಹೊಂದಿಸಿದರೆ ಕಂಬಗಳ ಬುಡವೂ ಕಾಣುತ್ತದೆ. ಆದರೆ ಅಲೆ ಬಡಿಯುವ ಹಸಿರು ಹಿಡಿದ ಕಂಬದ ಮೇಲೆ ಕಾಲಿಡಬೇಡಿ. ಅಲ್ಲಿ ಜಾರಿದರೆ ಬೀಳುವುದು ಮರಳಿನ ಮೇಲಲ್ಲ, ಚೂಪು ಕಂಬಗಳ ನಡುವಿನ ನೀರಿಗೆ.

ಮರಡಿಹಳ್ಳಿ: ಮೇಲು ಯಾವುದು, ಕೆಳಗು ಯಾವುದು?

ಚಿತ್ರದುರ್ಗಕ್ಕೆ ಹೋದವರು ಕೋಟೆ ನೋಡಿ ಬರುತ್ತಾರೆ. ಕೋಟೆಯ ಬೆಟ್ಟಗಳು ಗ್ರಾನೈಟ್. ಅಲ್ಲಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದಿನ ಕಡಲತಳ ಬಿಸಿಲಿಗೆ ಬಿದ್ದಿದೆ. ನಮ್ಮ ಮಟ್ಟಿಗೆ, ಕರ್ನಾಟಕದಲ್ಲಿ ಇಷ್ಟು ಕಡಿಮೆ ಜನ ನೋಡಿರುವ ಇಷ್ಟು ದೊಡ್ಡ ವಿಸ್ಮಯ ಇನ್ನೊಂದಿಲ್ಲ.

ನೀರಿನಡಿಯಲ್ಲಿ ಉಕ್ಕಿದ ಲಾವಾದ ಹೊರಮೈ ಕೂಡಲೇ ಗಟ್ಟಿಯಾಗುತ್ತದೆ. ಒಳಗಿನ ಒತ್ತಡಕ್ಕೆ ಅದು ಒಡೆದು, ಟ್ಯೂಬಿನಿಂದ ಪೇಸ್ಟ್ ಹಿಂಡಿದ ಹಾಗೆ ಹೊಸ ಗುಳ್ಳೆ ಹೊರಬರುತ್ತದೆ, ಅದೂ ಗಟ್ಟಿಯಾಗುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸಿದ ದಿಂಬುಗಳು. ಹೊಸ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡರ ನಡುವಿನ ಸಂದಿಗೆ ಜೋಲಿ ಬೀಳುತ್ತದೆ. ಹಾಗಾಗಿ ಅದರ ನೆತ್ತಿ ಉಬ್ಬಿರುತ್ತದೆ, ಬುಡ ಮೊನಚಾಗಿ ಬಾಲದ ಹಾಗೆ ಇಳಿದಿರುತ್ತದೆ. ಆ ಬಾಲ ಎತ್ತ ತೋರಿಸುತ್ತದೋ ಅತ್ತಲೇ ಆಗಿನ ಕಡಲತಳ. ಶಿಲಾಸ್ತರ ಆಮೇಲೆ ತಲೆಕೆಳಗಾಗಿದ್ದರೂ ಇದು ಸುಳ್ಳು ಹೇಳುವುದಿಲ್ಲ.

ಹತ್ತು ದಿಂಬುಗಳಲ್ಲಿ ಬಾಲ ಹುಡುಕಿ, ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಬಾಣದ ಗುರುತು ಹಾಕಿ. ಬಾಣಗಳು ಒಂದೇ ಕಡೆಗಿದ್ದರೆ ನಿಮ್ಮ ಓದು ಸರಿ. ಒಂದೆರಡು ಮಾತ್ರ ನೋಡಿ ತೀರ್ಮಾನಿಸಿದರೆ ಓರೆಯಾಗಿ ಸವೆದ ದಿಂಬು ಮೋಸ ಮಾಡುತ್ತದೆ. ದಿಂಬಿನ ಅಂಚಿನಲ್ಲಿ ಬೇರೆ ಬಣ್ಣದ ತೆಳು ಸುತ್ತುಪಟ್ಟಿ ಇರುತ್ತದೆ, ಥಟ್ಟನೆ ತಣಿದು ಗಾಜಾಗಿದ್ದ ಸಿಪ್ಪೆಯ ಉಳಿಕೆ ಅದು. ಅದನ್ನು ಕಂಡುಹಿಡಿಯಲೂ ನೀರೇ ಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಹೊಲದಂಚಿನ ಉರುಟು ಗ್ರಾನೈಟ್ ಗುಂಡುಗಳನ್ನೇ ದಿಂಬು ಲಾವಾ ಎಂದುಕೊಳ್ಳುವುದು. ಗುಂಡು ಬಿಡಿಯಾಗಿರುತ್ತದೆ, ಕಣ ದಪ್ಪ. ದಿಂಬು ನೆರೆಯದಕ್ಕೆ ಅಂಟಿಕೊಂಡಿರುತ್ತದೆ, ಲೆನ್ಸಿನಲ್ಲೂ ಕಣ ಬಿಡಿಸಿ ಕಾಣುವುದಿಲ್ಲ. ಹಂಪಿಯ ಗುಂಡುಗಳು ಮೊದಲ ಬಗೆಯವು: ಗ್ರಾನೈಟಿನ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಮೊದಲು ಕೊಳೆತು, ನಡುವಿನ ಗಟ್ಟಿ ತಿರುಳು ಗುಂಡಾಗಿ ಉಳಿದದ್ದು.

ಲೋನಾರ್: ಬಿದ್ದದ್ದೋ, ಸ್ಫೋಟಿಸಿದ್ದೋ?

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್ ಕುಳಿಗೆ ಪೂರ್ತಿ ಒಂದೂವರೆ ದಿನ ಕೊಡಿ. ಉಲ್ಕೆ ಬಿದ್ದು ಆದದ್ದೋ, ಜ್ವಾಲಾಮುಖಿ ಸ್ಫೋಟಿಸಿ ಆದದ್ದೋ ಎಂಬುದೇ ಇಲ್ಲಿನ ಪ್ರಶ್ನೆ. ಜಾಲ್ನಾ ರೈಲು ನಿಲ್ದಾಣದಿಂದ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಎಲ್ಲೋರಾ–ಅಜಂತಾಕ್ಕೆ ಹೋದವರು ಇದನ್ನೂ ಸೇರಿಸಿಕೊಳ್ಳಬಹುದು. ಮೂರೂ ಅದೇ ದಖನ್ ಬಸಾಲ್ಟ್. ಕುಳಿಯ ಅಡ್ಡಳತೆ ಸುಮಾರು 1.8 ಕಿ.ಮೀ., ಆಳ ಸುಮಾರು 150 ಮೀ.

ಮೊದಲ ಸಂಜೆ ಕೆಳಗಿಳಿಯಬೇಡಿ, ಅಂಚಿನ ಮೇಲೆ ನಡೆಯಿರಿ. ಪೂರ್ತಿ ಸುತ್ತು ಸುಮಾರು 6 ಕಿ.ಮೀ., ಆದರೆ ನಾಲ್ಕನೇ ಒಂದು ಭಾಗ ನಡೆದರೂ ಸಾಕು. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಕುಳಿಯ ಅಂಚು ಸುತ್ತಲ ಬಯಲಿಗಿಂತ ಸುಮಾರು 20 ಮೀ. ಎತ್ತರದಲ್ಲಿದೆ. ನೆಲ ಬರಿದೆ ಕುಸಿದು ಆದ ಹೊಂಡವಾಗಿದ್ದರೆ ಈ ಏರಿ ಇರುತ್ತಿರಲಿಲ್ಲ. ಎರಡು, ಸುತ್ತಲ ಬಯಲಿನಲ್ಲಿ ಬಸಾಲ್ಟ್ ಪದರಗಳು ಚಪ್ಪಟೆಯಾಗಿ ಮಲಗಿವೆ, ಅಂಚಿಗೆ ಬಂದಾಗ ಮಾತ್ರ ಮೇಲಕ್ಕೆದ್ದು ಹೊರಗಡೆಗೆ ವಾಲಿವೆ. ಒಳಗಿನಿಂದ ಹೊರಕ್ಕೆ ಯಾವುದೋ ಬಲ ದೂಡಿದ ಗುರುತು ಇದು.

ಜ್ವಾಲಾಮುಖಿಯೂ ಹಾಗೆ ದೂಡಬಲ್ಲದು, ನಿಜ. ಅದಕ್ಕೇ ಇದು ಜ್ವಾಲಾಮುಖಿಯ ಬಾಯಿ ಎಂಬ ವಾದ ಬಹುಕಾಲ ನಡೆಯಿತು. ವಾದ ಮುಗಿದದ್ದು ಇಲ್ಲಿನ ಕಲ್ಲಿನಲ್ಲಿ ಮ್ಯಾಸ್ಕೆಲಿನೈಟ್ ಸಿಕ್ಕಾಗ. ಉಲ್ಕೆ ಅಪ್ಪಳಿಸಿದಂಥ ಭಾರೀ ಹೊಡೆತಕ್ಕೆ ಸಿಕ್ಕ ಫೆಲ್ಡ್‌ಸ್ಪಾರ್ ಕರಗದೆಯೇ ಗಾಜಾದರೆ ಅದೇ ಮ್ಯಾಸ್ಕೆಲಿನೈಟ್. ಲಾವಾದ ಬಿಸಿಯಿಂದ ಅಷ್ಟು ಒತ್ತಡ ಬಾರದು. ಇದು ಬರಿಗಣ್ಣಿಗೆ ಕಾಣುವುದಿಲ್ಲ. ‘ಇದೇ ಆ ಕಲ್ಲು’ ಎಂದು ಯಾರಾದರೂ ಕೈಗಿತ್ತರೆ ನಂಬಬೇಡಿ.

ಇನ್ನೊಂದು ಆಟ ಅಲ್ಲಿ ಚಾಲ್ತಿಯಲ್ಲಿದೆ: ಅಯಸ್ಕಾಂತಕ್ಕೆ ಅಂಟುವ ಮರಳು ತೋರಿಸಿ ‘ಉಲ್ಕೆಯ ಪುಡಿ’ ಎನ್ನುವುದು. ಬಸಾಲ್ಟಿನಲ್ಲೇ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುತ್ತದೆ, ವಿಜಯಪುರದ ಕರಿಗಲ್ಲಿನ ಪುಡಿಗೆ ಅಯಸ್ಕಾಂತ ಹಿಡಿದರೂ ಕಣಗಳು ಅಂಟುತ್ತವೆ. ಇದೇ ಕಾರಣಕ್ಕೆ ಬಸಾಲ್ಟ್ ಸೀಮೆಯಲ್ಲಿ ಬಂಡೆಗೆ ತಾಗಿಸಿ ಹಿಡಿದ ದಿಕ್ಸೂಚಿ, ಫೋನಿನ ದಿಕ್ಸೂಚಿಯೂ ಸೇರಿ, ತಪ್ಪು ತೋರಿಸಬಹುದು. ಬಂಡೆಯಿಂದ ಎರಡು ಮೀಟರ್ ದೂರ ಸರಿದು ಮತ್ತೊಮ್ಮೆ ನೋಡಿ, ಎರಡೂ ಒಂದೇ ಆಗಿದ್ದರೆ ಮಾತ್ರ ಬರೆದುಕೊಳ್ಳಿ.

ಮರುದಿನ ಬೆಳಕು ಹರಿಯುತ್ತಲೇ ಕೆಳಗಿಳಿಯಿರಿ. ಕುಳಿ ವನ್ಯಜೀವಿ ಅಭಯಾರಣ್ಯ, ಚಿರತೆಯೂ ಇದೆ. ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ, ಕತ್ತಲಾಗುವ ಮುನ್ನ ಮೇಲೆ ಬನ್ನಿ. ಕೆರೆಯ ನೀರು ಉಪ್ಪು ಮತ್ತು ಕ್ಷಾರ, ಪಿಎಚ್ ಸುಮಾರು 10. ಅಲ್ಲೇ ಅಂಚಿನಲ್ಲಿ ಸಿಹಿನೀರಿನ ಊಟೆಯೂ ಹರಿದು ಬರುತ್ತದೆ. ಒಂದೇ ಕುಳಿಯಲ್ಲಿ ಎರಡು ನೀರು! ಹೊರಹೋಗಲು ದಾರಿಯಿಲ್ಲದ ಕೆರೆಯಿಂದ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಬೇಸಿಗೆಯಲ್ಲಿ ದಂಡೆಯ ಬಿಳಿ ಪೊರೆ ಅದಕ್ಕೆ ಸಾಕ್ಷಿ. 2020ರ ಜೂನ್‌ನಲ್ಲಿ ಇಡೀ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಉಪ್ಪು ಹೆಚ್ಚಿದಾಗ ಬಲಿಯುವ ಸೂಕ್ಷ್ಮಜೀವಿಗಳ ಕೆಲಸ ಅದು. ಆ ಬಣ್ಣ ಪ್ರತಿವರ್ಷ ಬರುವುದಿಲ್ಲ, ಅದನ್ನೇ ನೆಚ್ಚಿ ಹೋಗಬೇಡಿ.

ವಯಸ್ಸಿನ ವಿಷಯಕ್ಕೆ ಬಂದರೆ ಒಂದು ವಿಧಾನ ಸುಮಾರು 52,000 ವರ್ಷ ಎಂದಿತು, ಕಲ್ಲಿನಲ್ಲಿ ಸೇರಿದ ಆರ್ಗಾನ್ ಅನಿಲವನ್ನು ಅಳೆಯುವ 2010ರ ವಿಧಾನ ಸುಮಾರು 5,70,000 ಎಂದಿತು. ಹತ್ತು ಪಟ್ಟಿಗೂ ಹೆಚ್ಚಿನ ಅಂತರ. ನಿಮ್ಮ ಟಿಪ್ಪಣಿಯಲ್ಲಿ ಎರಡನ್ನೂ ಬರೆದುಕೊಳ್ಳಿ, ಒಂದನ್ನು ಮಾತ್ರ ಹೇಳುವ ಫಲಕವನ್ನು ಪೂರ್ತಿ ನೆಚ್ಚಬೇಡಿ.

ತಿರುಪತಿ, ಗಂಡಿಕೋಟ, ಬೇಲಂ: ಮೂರು ದಿನದ ಒಂದೇ ಪಾಠ

ಬೆಂಗಳೂರಿನಿಂದ ತಿರುಪತಿಗೆ ಎಷ್ಟು ಜನ ಹೋಗುತ್ತಾರೆ! ಬೆಟ್ಟದ ಗೋಡೆಯಲ್ಲೇ ಬರೆದಿರುವುದನ್ನು ನೋಡಿದವರು ಎಷ್ಟು ಮಂದಿ? ಊರಿನಿಂದ ತಿರುಮಲದ ಕಡೆ ನೋಡಿ. ಮೇಲ್ಭಾಗದಲ್ಲಿ ಕೆಂಬಣ್ಣದ ನೆಟ್ಟಗಿನ ಗೋಡೆ, ಪದರಪದರವಾದ ಕ್ವಾರ್ಟ್ಸೈಟ್ (ಮರಳುಗಲ್ಲು ಬಿಗಿದು ಆದ ಗಟ್ಟಿ ಶಿಲೆ). ಅದರ ಬುಡದಿಂದ ಕೆಳಗೆ ಇಳಿಜಾರು, ಪದರವೇ ಇಲ್ಲದ ಗ್ರಾನೈಟ್. ಗೋಡೆ ಮುಗಿದು ಇಳಿಜಾರು ಶುರುವಾಗುವ ಗೆರೆಯೇ ಎಪಾರ್ಕಿಯನ್ ಅಸಂಗತಿ. ಗೆರೆಯ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಮೇಲಿನದು ಅದಕ್ಕಿಂತ ಹತ್ತಾರು ಕೋಟಿ ವರ್ಷ ಕಿರಿಯದು. ನಡುವಿನ ಅಷ್ಟೂ ಕಾಲ ನೆಲ ಸವೆಯುತ್ತಿತ್ತು, ಆ ಪುಟಗಳು ಹರಿದುಹೋಗಿವೆ. ಘಾಟಿಯಲ್ಲಿ ಎಲ್ಲೆಂದರಲ್ಲಿ ವಾಹನ ನಿಲ್ಲಿಸುವಂತಿಲ್ಲ, ಆದ್ದರಿಂದ ಬೈನಾಕ್ಯುಲರ್ ಹಿಡಿದು ಕೆಳಗಿನಿಂದಲೇ ನೋಡುವುದು ಮೇಲು. ಬೆಟ್ಟದ ಮೇಲೆ ದೇವಸ್ಥಾನದಿಂದ ಸುಮಾರು 1 ಕಿ.ಮೀ. ದೂರದ ಶಿಲಾತೋರಣ ಅದೇ ಕ್ವಾರ್ಟ್ಸೈಟಿನಲ್ಲಿ ಆದದ್ದು. ಅಗಲ ಸುಮಾರು 8 ಮೀ., ಎತ್ತರ ಸುಮಾರು 3 ಮೀ. ಗಟ್ಟಿ ಪದರ ಉಳಿದು ಅದರಡಿಯ ಮೆದು ಭಾಗ ಸವೆದಿರುವುದನ್ನು ಬೇಲಿಯ ಹೊರಗಿನಿಂದಲೇ ಗುರುತಿಸಬಹುದು.

ಗಂಡಿಕೋಟದಲ್ಲಿ ಪೆನ್ನಾ ನದಿ ಇದೇ ಕಡಪ ಸೀಮೆಯ ಪದರಗಳನ್ನು ಸೀಳಿದೆ. ಎರಡು ದಂಡೆಯ ಗೋಡೆಗಳಲ್ಲಿ ಒಂದೇ ಪದರವನ್ನು ಆರಿಸಿಕೊಂಡು ಆಚೆಗೂ ಈಚೆಗೂ ಹೊಂದಿಸಿ ನೋಡಿ. ಒಂದೇ ಎತ್ತರದಲ್ಲಿ ಸಿಕ್ಕರೆ ಕಮರಿಯನ್ನು ನದಿಯೇ ಕೊರೆದದ್ದು, ನೆಲ ಅಲ್ಲಿ ಜಾರಿ ಎರಡಾದದ್ದಲ್ಲ. ಅಂಚಿನುದ್ದಕ್ಕೂ ಕಟಾಂಜನ ಇಲ್ಲ. ಬಂಡೆಗಳು ಚೌಕಚೌಕವಾಗಿ ಬಿರಿದಿರುವುದರಿಂದ ತುದಿಯ ಚಪ್ಪಡಿ ಅಲುಗುತ್ತಿರಬಹುದು. ತುದಿಯಿಂದ ಎರಡು ಮೀಟರ್ ಒಳಗೇ ಕೂತು ನೋಡಿ.

ಬೇಲಂ ಗುಹೆಗೆ ಹೋಗುವ ಮುನ್ನ ಅಡುಗೆಮನೆಯಲ್ಲೊಂದು ಪ್ರಯೋಗ ಮಾಡಿ. ಹಳೆಯ ಮನೆಗಳ ಕಟ್ಟೆಗೆ, ಗೂಡಿಗೆ ಹಾಕಿರುವ ಕಡಪ ಕಲ್ಲು ಆ ಸೀಮೆಯ ಕರಿ ಸುಣ್ಣಗಲ್ಲು. ಒಂದು ಮುರಿದ ತುಂಡನ್ನು ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ನಿಂಬೆರಸ ಹಾಕಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಕಟ್ಟೆಯ ಮೇಲೆ ನಿಂಬೆ ಬಿದ್ದಲ್ಲಿ ಹೊಳಪು ಹೋಗಿ ಕಲೆಯಾಗುವುದೂ ಇದೇ ಕಾರಣಕ್ಕೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತೀರ ಸೌಮ್ಯ ಆಮ್ಲವಾಗುತ್ತದೆ. ನಿಂಬೆ ಕ್ಷಣದಲ್ಲಿ ಮಾಡಿದ್ದನ್ನು ಅದು ಲಕ್ಷಾಂತರ ವರ್ಷಗಳಲ್ಲಿ ಮಾಡಿ ಗುಹೆ ಕೊರೆಯುತ್ತದೆ.

ಬೇಲಂ 3,229 ಮೀ. ಉದ್ದ, ಪ್ರವಾಸಿಗೆ ತೆರೆದದ್ದು ಸುಮಾರು ಒಂದೂವರೆ ಕಿ.ಮೀ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಇದನ್ನು ದಾಖಲಿಸಿದ. ಒಳಗೆ ಕೇಳಬೇಕಾದ ಪ್ರಶ್ನೆ: ನೀರು ಎತ್ತ ಹರಿಯಿತು? ಗೋಡೆಯಲ್ಲಿ ಬೊಗಸೆಯಾಕಾರದ ಸಣ್ಣ ತಗ್ಗುಗಳ ಸಾಲಿದ್ದರೆ ಒಂದರ ಮೇಲೆ ಬೆರಳಾಡಿಸಿದ ಹಾಗೆ ಕಣ್ಣಾಡಿಸಿ. ಕಡಿದಾದ ಬದಿ ನೀರು ಬಂದ ಕಡೆಗೆ, ಇಳಿಜಾರು ಬದಿ ನೀರು ಹೋದ ಕಡೆಗೆ. ತಗ್ಗು ಚಿಕ್ಕದಾದಷ್ಟೂ ಹರಿವು ಜೋರಾಗಿತ್ತು. ಟಾರ್ಚನ್ನು ಗೋಡೆಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಮಾತ್ರ ಇವು ಕಾಣುತ್ತವೆ. ಜೋತುಬಿದ್ದ ಸುಣ್ಣದ ಕಡ್ಡಿಗಳನ್ನು ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದಲ್ಲಿ ಹೊಸ ಸುಣ್ಣ ಕೂರುವುದಿಲ್ಲ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಒಳಗೆ ಸೆಕೆ ಬಹಳ. ಉಸಿರಾಟದ ತೊಂದರೆ, ರಕ್ತದೊತ್ತಡ ಇರುವವರು ಬಾಗಿಲ ಹತ್ತಿರದ ದೊಡ್ಡ ಕೋಣೆಗಳನ್ನಷ್ಟೇ ನೋಡಿ ಬರಲಿ.

ಗುಹೆಯ ಹುಚ್ಚು ಹಿಡಿದವರಿಗೆ ಮುಂದಿನ ನಿಲ್ದಾಣ ಮೇಘಾಲಯ. ಅಲ್ಲಿನ ಲಿಯಾತ್ ಪ್ರಾ ಗುಹಾಜಾಲ 30 ಕಿ.ಮೀ.ಗೂ ಹೆಚ್ಚು. ಮಾವ್‌ಮ್ಲೂ ಗುಹೆಯ ಸುಣ್ಣಗಂಬದ ಪದರಗಳ ಆಧಾರದ ಮೇಲೆ 4,200 ವರ್ಷದಿಂದ ಈಚಿನ ಕಾಲಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರೇ ಬಂತು. ಪ್ರವಾಸಿ ಗುಹೆಗಳನ್ನು ಬಿಟ್ಟು ಉಳಿದವಕ್ಕೆ ಅನುಭವಿ ತಂಡವಿಲ್ಲದೆ ಇಳಿಯಬಾರದು, ಮಳೆಗಾಲದಲ್ಲಂತೂ ಸರ್ವಥಾ ಕೂಡದು.

ಭೇಡಾಘಾಟ್ ಮತ್ತು ಕಲ್ಲಾದ ಮರಗಳು

ಜಬಲ್ಪುರದ ಬಳಿಯ ಭೇಡಾಘಾಟ್‌ನಲ್ಲಿ ನರ್ಮದೆ ಅಮೃತಶಿಲೆಯ ಗೋಡೆಗಳ ನಡುವೆ ಹರಿಯುತ್ತದೆ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಧುಆಂಧಾರ್ ಜಲಪಾತವೂ ತುಂಬುನೀರಿನಲ್ಲಿ ಮುಚ್ಚಿಹೋಗಿರುತ್ತದೆ. ನವೆಂಬರ್ ನಂತರ ಹೋಗಿ. ಬಿಳಿ ಗೋಡೆಯನ್ನು ಅಡ್ಡ ಕತ್ತರಿಸುವ ಕಡು ಬಣ್ಣದ ಅಗ್ನಿಶಿಲೆಯ ಗೋಡೆಗಳನ್ನು ದೋಣಿಯಿಂದ ಹುಡುಕಿ, ಲಾಲ್‌ಬಾಗ್‌ನಲ್ಲಿ ಕಲಿತ ಸೂತ್ರ ಹಚ್ಚಿ: ಕತ್ತರಿಸಿದ್ದು ಕಿರಿಯದು. ಇಲ್ಲಿನ ಅಮೃತಶಿಲೆಯಲ್ಲಿ ಮೆಗ್ನೀಸಿಯಂ ಇರುವುದರಿಂದ ಬಿಡಿಗಲ್ಲಿನ ಮೇಲೆ ನಿಂಬೆ ಹಿಂಡಿದರೂ ಗುಳ್ಳೆ ಏಳದೆ ಹೋಗಬಹುದು. ಅಷ್ಟಕ್ಕೇ ‘ಇದು ಅಮೃತಶಿಲೆಯಲ್ಲ’ ಎಂದುಕೊಳ್ಳಬೇಡಿ, ಡಾಲೊಮೈಟ್‌ನ ಗುಣವೇ ಅದು.

ಕಲ್ಲಾದ ಮರಗಳನ್ನು ನೋಡಲು ನಮಗೆ ಹತ್ತಿರದ್ದು ತಮಿಳುನಾಡಿನ ತಿರುವಕ್ಕರೈ, ಸುಮಾರು 2 ಕೋಟಿ ವರ್ಷದ ಮರಗಳು. ರಾಜಸ್ಥಾನದ ಜೈಸಲ್ಮೇರ್ ಬಳಿಯ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷದವು, ಒಂದು 13 ಮೀ.ಗಿಂತ ಉದ್ದ. ಮರದ ಜೀವಕೋಶಗಳೊಳಗೆ ನೀರಿನಲ್ಲಿ ಕರಗಿದ ಸಿಲಿಕಾ ತುಂಬಿಕೊಂಡು ಎಳೆ ಎಳೆಯೂ ಉಳಿದಿದೆ. ಲೆನ್ಸಿನಲ್ಲಿ ತುದಿಯ ಅಡ್ಡಕೊಯ್ತ ನೋಡಿ, ಬದಿಯಲ್ಲಿ ನಾರಿನ ಸಾಲು ನೋಡಿ. ತಿರುವಕ್ಕರೈನಲ್ಲಿ ಕೇಳಬೇಕಾದದ್ದು: ಈ ಮರಗಳಿಗೆ ಕೊಂಬೆ, ಬೇರು, ತೊಗಟೆ ಎಲ್ಲಿ ಹೋಯಿತು? ಅವು ಇಲ್ಲದಿರುವುದೇ ಮರಗಳು ಬೆಳೆದಲ್ಲಿ ಹೂತುಹೋಗಲಿಲ್ಲ, ಪ್ರವಾಹದಲ್ಲಿ ಉರುಳಿಬಂದು ಮರಳಿನಡಿ ಸೇರಿದವು ಎಂಬುದಕ್ಕೆ ಆಧಾರ. ದಾರಿಯಲ್ಲಿ ಯಾರಾದರೂ ತುಂಡು ಮಾರಲು ಬಂದರೆ ಕೊಳ್ಳಬೇಡಿ. ಹಾಗೆ ಒಂದೊಂದೇ ಹೋಗಿ ಖಾಲಿಯಾದ ಜಾಗಕ್ಕೆ ಮುಂದೆ ಬರುವವರು ಏನು ನೋಡಲು ಬರಬೇಕು?

ಕೇರಳದ ಅಂಗಾಡಿಪುರಂ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಅಲ್ಲಿ ಕಂಡ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ. ನಮ್ಮ ಕರಾವಳಿಯವರಿಗೆ ಅದು ಮುರಕಲ್ಲು. ಮಂಗಳೂರು–ಉಡುಪಿಯವರು ಅಷ್ಟು ದೂರ ಹೋಗಬೇಕಿಲ್ಲ, ಮನೆ ಹತ್ತಿರದ ಕೋರೆಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಸಾಕು: ಮೇಲೆ ಗಟ್ಟಿ ಕೆಂಪು ತೊಗಲು, ಕೆಳಗಿಳಿದಂತೆ ಮೆತ್ತಗಿನ ಬಿಳಿಚು ಜೇಡಿ, ತೀರ ಕೆಳಗೆ ಇನ್ನೂ ಕೊಳೆಯದ ಮೂಲಶಿಲೆ.

ಪ್ರವಾಸದಿಂದ ಬಂದ ರಾತ್ರಿಯೇ ಟಿಪ್ಪಣಿಗೆ ಮೂರು ವಿಷಯ ಸೇರಿಸಿ: ಜಾಗದ ಅಕ್ಷಾಂಶ–ರೇಖಾಂಶ, ನೋಡಿದ ಹೊತ್ತು, ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆ. ಎರಡು ದಿನ ತಡವಾದರೆ ಯಾವ ಫೋಟೊ ಯಾವ ಬಂಡೆಯದೆಂಬುದೇ ಕಲಸುಹೋಗುತ್ತದೆ. ಅದೇ ಜಾಗಕ್ಕೆ ಇನ್ನೊಂದು ಋತುವಿನಲ್ಲಿ ಹೋಗುವಾಗ ಆ ಉಳಿದ ಪ್ರಶ್ನೆಯಿಂದ ಶುರುಮಾಡಿ.